ಮೂರು ವಿಕಲೆಗಳ ವ್ಯತ್ಯಾಸ

ಜವಳಿ ಅಂಗಡಿಯಲ್ಲಿ ವರ್ತಕನು ಬಟ್ಟೆಯ ಸುರುಳಿ ಬಿಚ್ಚಿ, ಲೋಹದ ಕೋಲಿಗೆ ಹಿಡಿದು, 'ಒಂದು, ಎರಡು, ಎರಡೂವರೆ' ಎಂದು ಎಣಿಸುವುದನ್ನು ನೀವು ನೋಡಿದ್ದೀರಿ. ವರ್ತಕನ ಕೈಯನ್ನು ಅನುಮಾನಿಸಿದರೂ ಆ ಕೋಲನ್ನು ನೀವು ಅನುಮಾನಿಸುವುದಿಲ್ಲ. ಅದರ ಮೇಲೆ ಸರ್ಕಾರದ ಮುದ್ರೆ ಉಂಟು. ಮೀಟರು ಎಂದರೆ ಮೀಟರು. ಅದಕ್ಕೆ ಹೆಚ್ಚಿಲ್ಲ, ಕಡಿಮೆಯಿಲ್ಲ. ಆದರೆ ಆ ಉದ್ದ ಎಲ್ಲಿಂದ ಬಂದಿತು ಎಂದು ಎಂದಾದರೂ ಕೇಳಿಕೊಂಡಿದ್ದೀರಾ? ಗೇಣು, ಮೊಳ, ಮಾರುಗಳು ಮನುಷ್ಯನ ಮೈಯಿಂದ ಬಂದವು. ಅದು ಎಲ್ಲರಿಗೂ ತಿಳಿದದ್ದೇ. ಮೀಟರು ಬಂದದ್ದು ಭೂಮಿಯ ಮೈಯಿಂದ. ಅದನ್ನು ಅಳೆದು ತರಲು ಹೊರಟ ಇಬ್ಬರಲ್ಲಿ ಒಬ್ಬನು ಮೂರು ವಿಕಲೆಗಳಷ್ಟು ಸಣ್ಣದೊಂದು ವ್ಯತ್ಯಾಸವನ್ನು ಎದೆಯಲ್ಲಿ ಬಚ್ಚಿಟ್ಟುಕೊಂಡು ಹತ್ತು ವರ್ಷ ನವೆದು ಸತ್ತನು. ಅಳತೆಯೆಂದರೇನು ಎಂಬುದನ್ನು ತಿಳಿಯಲು ಆತನ ಕಥೆಗಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ.

ಫ್ರಾನ್ಸಿನ ಮಹಾಕ್ರಾಂತಿ 1789ರಲ್ಲಿ ಆರಂಭವಾದಾಗ ಆ ದೇಶದ ಅಳತೆಗಳ ಸ್ಥಿತಿ ನಮ್ಮ ಹಳೆಯ ಸೇರು ಕೊಳಗಗಳ ಸ್ಥಿತಿಗಿಂತ ಉತ್ತಮವಾಗಿರಲಿಲ್ಲ. ಒಂದೂರಿನ ಸೇರು ಪಕ್ಕದೂರಿನ ಸೇರಲ್ಲ ಎಂಬುದನ್ನು ನಮ್ಮ ಹಿರಿಯರು ಬಲ್ಲರು. ಅಲ್ಲಿಯೂ ಹಾಗೆಯೇ. ಧಾನ್ಯದ ಅಳತೆ ಒಂದು, ಬಟ್ಟೆಯದು ಇನ್ನೊಂದು, ಹೊಲದ್ದು ಮತ್ತೊಂದು. ಹೆಸರು ಒಂದೇ ಆದರೂ ಊರಿಂದೂರಿಗೆ ಪ್ರಮಾಣ ಬೇರೆ. ಗೇಣಿಯನ್ನು ದೊಡ್ಡ ಕೊಳಗದಲ್ಲಿ ಅಳೆದುಕೊಂಡು ಸಣ್ಣ ಕೊಳಗದಲ್ಲಿ ಮಾರುವ ಜಮೀನುದಾರರ ಮೇಲೆ ರೈತರಿಗೆ ಸಿಟ್ಟು. ಹೊಸ ಸರ್ಕಾರದ ಮುಂದೆ ಬಂದ ಅಹವಾಲುಗಳಲ್ಲಿ ಅಳತೆಗಳನ್ನು ಒಂದು ಮಾಡಿರೆಂಬ ಮೊರೆ ಎದ್ದು ಕಾಣುತ್ತಿತ್ತು.

ಪ್ಯಾರಿಸಿನ ಅಳತೆಯನ್ನೇ ಎಲ್ಲರ ಮೇಲೆ ಹೇರಿದ್ದರೆ ಕೆಲಸ ಸುಲಭವಾಗುತ್ತಿತ್ತು. ವಿಜ್ಞಾನ ಅಕಾಡೆಮಿಯವರಿಗೆ ಅದು ಒಪ್ಪಿಗೆಯಾಗಲಿಲ್ಲ. ಯಾವ ರಾಜನದೂ ಅಲ್ಲದ, ಯಾವ ದೇಶದ್ದೂ ಅಲ್ಲದ ಅಳತೆ ಬೇಕು. ಅದನ್ನು ನಿಸರ್ಗದಿಂದಲೇ ತೆಗೆದುಕೊಳ್ಳಬೇಕು ಎಂದರು. 1791ರ ಮಾರ್ಚ್ ತಿಂಗಳಲ್ಲಿ ಅವರು ಸೂಚಿಸಿದ್ದು ಇದು: ಉತ್ತರ ಧ್ರುವದಿಂದ ಭೂಮಧ್ಯರೇಖೆಯವರೆಗಿನ ದೂರದಲ್ಲಿ ಕೋಟಿಯಲ್ಲೊಂದು ಪಾಲನ್ನು ಒಂದು ಮೀಟರು ಎನ್ನೋಣ.

ಧ್ರುವದವರೆಗೆ ಹೋಗಿ ಅಳೆಯುವುದು ಯಾರಿಂದಲೂ ಆಗದ ಮಾತು. ಅದರ ಅಗತ್ಯವೂ ಇರಲಿಲ್ಲ. ಉತ್ತರ ಸಮುದ್ರದ ದಂಡೆಯ ಡಂಕರ್ಕ್ ಎಂಬ ಊರೂ ಸ್ಪೇನಿನ ಬಾರ್ಸಿಲೋನ ನಗರವೂ ಹೆಚ್ಚುಕಡಿಮೆ ಒಂದೇ ಉತ್ತರ ದಕ್ಷಿಣ ರೇಖೆಯಲ್ಲಿವೆ. ಎರಡೂ ಕಡಲ ತೀರದವು. ಇವುಗಳ ನಡುವೆ ಒಂಬತ್ತೂವರೆ ಅಂಶಗಳಿಗಿಂತ ತುಸು ಹೆಚ್ಚಿನ ಅಂತರ. ಎರಡು ತುದಿಗಳಲ್ಲಿ ನಕ್ಷತ್ರಗಳನ್ನು ನೋಡಿ ಅಕ್ಷಾಂಶ ಕಂಡುಹಿಡಿಯುವುದು. ನಡುವಣ ನೆಲವನ್ನು ತ್ರಿಕೋನಗಳ ಸರಪಳಿಯಿಂದ ಅಳೆಯುವುದು. ಇಷ್ಟು ಅಂಶಗಳಿಗೆ ಇಷ್ಟು ದೂರವಾದರೆ ತೊಂಬತ್ತು ಅಂಶಗಳಿಗೆ ಎಷ್ಟು ಎಂದು ಲೆಕ್ಕ ಹಾಕುವುದು. ತ್ರಿಕೋನದ ಗುಟ್ಟು ಶಾಲೆಯಲ್ಲಿ ಕಲಿತದ್ದೇ: ಒಂದು ಬದಿಯೂ ಕೋನಗಳೂ ತಿಳಿದರೆ ಉಳಿದ ಬದಿಗಳು ತಾವಾಗಿಯೇ ತಿಳಿಯುತ್ತವೆ. ಆದ್ದರಿಂದ ನೆಲದ ಮೇಲೆ ಒಂದೆರಡು ತಳರೇಖೆಗಳನ್ನು ಮಾತ್ರ ಕೋಲು ಹಿಡಿದು ಅಳೆದರೆ ಸಾಕು. ಮಿಕ್ಕದ್ದೆಲ್ಲ ಬೆಟ್ಟದ ತುದಿಯಿಂದ ಗೋಪುರಕ್ಕೆ, ಗೋಪುರದಿಂದ ಬೆಟ್ಟಕ್ಕೆ ದುರ್ಬೀನಿಟ್ಟು ನೋಡುವ ಕೆಲಸ.

ಕೆಲಸಕ್ಕೆ ಇಬ್ಬರು ಖಗೋಳ ವಿಜ್ಞಾನಿಗಳು ನೇಮಕವಾದರು. ಉತ್ತರದ ಪಾಲು ಜಾನ್ ಬಾಪ್ತಿಸ್ತ್ ಡೆಲಾಂಬ್ರನಿಗೆ. ರೊದೆಜ್ ಪಟ್ಟಣದಿಂದ ಬಾರ್ಸಿಲೋನದವರೆಗಿನ ದಕ್ಷಿಣದ ಪಾಲು ಪಿಯರ್ ಮೆಶೇನನಿಗೆ. ಇಬ್ಬರೂ 1792ರ ಜೂನ್ ತಿಂಗಳಲ್ಲಿ ಪ್ಯಾರಿಸ್ ಬಿಟ್ಟರು. ಒಂದು ವರ್ಷದ ಕೆಲಸವೆಂದು ಅಂದಾಜು. ಹಿಡಿದದ್ದು ಸುಮಾರು ಏಳು ವರ್ಷ.

ಕಾಲ ಎಂಥದ್ದೆಂಬುದನ್ನು ನೆನೆಯಿರಿ. ದೊರೆ ಪದಚ್ಯುತನಾಗಿ, ಊರೂರಿನಲ್ಲಿ ಗೂಢಚಾರರ ಭಯ ಹಬ್ಬಿತ್ತು. ಅಂಥ ಹೊತ್ತಿನಲ್ಲಿ ಚರ್ಚಿನ ಗೋಪುರ ಹತ್ತಿ ದುರ್ಬೀನು ಇಡುವವನನ್ನು ಯಾರು ನಂಬಿಯಾರು? ಸಾಂ ದೆನಿ ಎಂಬಲ್ಲಿ ಜನ ಡೆಲಾಂಬ್ರನನ್ನು ತಡೆದು ಪೆಟ್ಟಿಗೆಗಳನ್ನು ಬಿಚ್ಚಿಸಿದರು. ಪಾಪ, ಆತನು ನಡುಬೀದಿಯಲ್ಲಿ ಉಪಕರಣಗಳನ್ನು ಹರಡಿಕೊಂಡು ಭೂಮಾಪನದ ಮೇಲೆ ಉಪನ್ಯಾಸ ಮಾಡಬೇಕಾಯಿತು. ಕೇಳಿದವರಿಗೆ ಎಷ್ಟು ಅರ್ಥವಾಯಿತೋ ದೇವರೇ ಬಲ್ಲ. ದೂರದಿಂದ ಕಾಣಲೆಂದು ಗುರುತು ಕಂಬಕ್ಕೆ ಬಿಳಿಯ ಬಟ್ಟೆ ಸುತ್ತಿದರೆ ಅದು ರಾಜಪಕ್ಷದ ಬಾವುಟವೆಂದು ಗಲಭೆ. ಕೆಂಪು ನೀಲಿ ಪಟ್ಟಿಗಳನ್ನು ಸೇರಿಸಿ ಸಮಾಧಾನ ಮಾಡಬೇಕು. 1793ರ ಕೊನೆಯಲ್ಲಿ ಸರ್ಕಾರ ಡೆಲಾಂಬ್ರನನ್ನೇ ಕೆಲಸದಿಂದ ತೆಗೆದುಹಾಕಿತು. ಅಳತೆಯ ಮಂಡಲಿಯಲ್ಲಿದ್ದ ಮಹಾ ರಸಾಯನ ವಿಜ್ಞಾನಿ ಲಾವಾಸಿಯೇ 1794ರ ಮೇ 8ರಂದು ಗಿಲೊಟಿನ್ನಿಗೆ ತಲೆ ಕೊಟ್ಟನು. 1795ರಲ್ಲಿ ಕೆಲಸ ಮತ್ತೆ ಚಾಲ್ತಿಗೆ ಬಂದಿತು.

ಇನ್ನು ಮೆಶೇನನ ಕಡೆಗೆ ಬರೋಣ.

ಆತನು ಬಲು ನಿಷ್ಠುರ ಮನುಷ್ಯ. ಅನ್ಯರ ಮೇಲಲ್ಲ, ತನ್ನ ಮೇಲೆ. ಕರಾರುವಾಕ್ಕಾದ ವೀಕ್ಷಣೆಗೆ ಹೆಸರಾದವನು. ಆತನ ಕೈಯಲ್ಲಿದ್ದದ್ದು ಬೋರ್ದಾ ಎಂಬುವನು ರೂಪಿಸಿದ ಆವರ್ತನ ಚಕ್ರ. ಒಂದೇ ಕೋನವನ್ನು ಈ ಯಂತ್ರದಲ್ಲಿ ಹತ್ತು ಸಲ, ಇಪ್ಪತ್ತು ಸಲ ಒಂದರ ಮೇಲೊಂದು ಸೇರಿಸುತ್ತ ಹೋಗಿ, ಕೊನೆಗೊಮ್ಮೆ ಮಾತ್ರ ಓದಿ, ಅಷ್ಟರಿಂದ ಭಾಗಿಸಬಹುದು. ಗೆರೆ ಓದುವಲ್ಲಿನ ತಪ್ಪು ಆಗ ಇಪ್ಪತ್ತರಲ್ಲೊಂದು ಪಾಲಿಗೆ ಇಳಿಯುತ್ತದೆ. ಸಾಕಷ್ಟು ಸಲ ಮಾಡಿದರೆ ತಪ್ಪು ಇಲ್ಲವೆಂಬಷ್ಟು ಕಡಿಮೆಯಾಗುತ್ತದೆಂದು ಆ ಕಾಲದವರ ನಂಬಿಕೆ. ಈ ನಂಬಿಕೆಯೇ ಮೆಶೇನನಿಗೆ ಮುಳುವಾಯಿತು.

1792-93ರ ಚಳಿಗಾಲದಲ್ಲಿ ಬಾರ್ಸಿಲೋನದ ಪಕ್ಕದ ಮೋಂಜುಯಿಕ್ ಬೆಟ್ಟದ ಕೋಟೆಯ ಮೇಲೆ ಆತನು ರಾತ್ರಿಗಟ್ಟಲೆ ನಕ್ಷತ್ರಗಳನ್ನು ನೋಡಿದನು. ವೃತ್ತವನ್ನು 360 ಅಂಶಗಳಾಗಿ, ಅಂಶವನ್ನು 60 ಕಲೆಗಳಾಗಿ, ಕಲೆಯನ್ನು 60 ವಿಕಲೆಗಳಾಗಿ ಒಡೆಯುವುದು ನಮ್ಮ ಜೋಯಿಸರಿಗೂ ಪರಿಚಿತವಾದ ಕ್ರಮ. ಒಂದು ವಿಕಲೆಯೆಂದರೆ ಎಷ್ಟು? ಒಂದು ರೂಪಾಯಿಯ ನಾಣ್ಯವನ್ನು ನಾಲ್ಕೈದು ಕಿಲೋಮೀಟರು ದೂರದಲ್ಲಿ ಹಿಡಿದರೆ ಅದು ನಮ್ಮ ಕಣ್ಣಿಗೆ ಮಾಡುವ ಕೋನದಷ್ಟು. ಮೆಶೇನನಿಗೆ ಬೇಕಾದದ್ದು ಇಂಥ ಸೂಕ್ಷ್ಮತೆ. ಧ್ರುವ ನಕ್ಷತ್ರವೇ ಮೊದಲಾದವುಗಳ ಅಳತೆಗಳು ಒಂದಕ್ಕೊಂದು ಚೆನ್ನಾಗಿ ಹೊಂದಿದವು. ಒಂದು ಮಾತ್ರ ತಕರಾರು ಮಾಡಿತು: ಸಪ್ತರ್ಷಿ ಮಂಡಲದ ವಸಿಷ್ಠ. ಮದುವೆಯ ದಿನ ಅರುಂಧತಿಯನ್ನು ತೋರಿಸುವಾಗ ಮೊದಲು ಗುರುತು ಹಿಡಿಯುತ್ತೇವಲ್ಲ, ಅದೇ ನಕ್ಷತ್ರ. ಅದು ಕ್ಷಿತಿಜಕ್ಕೆ ಹತ್ತಿರವಿದ್ದಾಗ ನೋಡಿದ್ದರಿಂದ ಗಾಳಿಯ ವಕ್ರೀಭವನದ ದೋಷವಿರಬೇಕೆಂದು ಆತನು ಬದಿಗಿಟ್ಟನು.

ಕೆಲಸ ಮುಗಿಯಿತು. ಫಲಿತಾಂಶವನ್ನು ಪ್ಯಾರಿಸಿಗೆ ಕಳುಹಿಸಿಯೂ ಆಯಿತು. ಆಗ ದುರ್ದೆಶೆ ಹಿಡಿಯಿತು. 1793ರ ಮಾರ್ಚಿನಲ್ಲಿ ಫ್ರಾನ್ಸಿಗೂ ಸ್ಪೇನಿಗೂ ಯುದ್ಧ ಆರಂಭವಾಗಿ ಮೆಶೇನನು ಶತ್ರುದೇಶದಲ್ಲಿ ಸಿಕ್ಕಿಬಿದ್ದನು. ಅದೇ ವಸಂತದಲ್ಲಿ ನೀರೆತ್ತುವ ಯಂತ್ರವೊಂದನ್ನು ನೋಡಲು ಹೋದಾಗ ಅಪಘಾತವಾಗಿ, ಪಕ್ಕೆಲುಬು ಕೊರಳೆಲುಬು ಮುರಿದು, ಪ್ರಜ್ಞೆ ತಪ್ಪಿ ಬಿದ್ದನು. ಬದುಕಿದ್ದೇ ಹೆಚ್ಚು; ಬಲಗೈ ತಿಂಗಳುಗಟ್ಟಲೆ ಕೆಲಸಕ್ಕೆ ಬರಲಿಲ್ಲ.

ಮೋಂಜುಯಿಕ್ ಕೋಟೆಗೆ ಮತ್ತೆ ಕಾಲಿಡಲು ಅಪ್ಪಣೆ ಇಲ್ಲ. ಸುಮ್ಮನೆ ಕೂರುವುದು ಆತನ ಜಾಯಮಾನಕ್ಕೆ ಒಗ್ಗದು. ನಗರದೊಳಗೆ ತಾನು ಇಳಿದುಕೊಂಡಿದ್ದ 'ಚಿನ್ನದ ಚಿಲುಮೆ' ಎಂಬರ್ಥದ ಹೆಸರಿನ ಛತ್ರದ ಮಾಳಿಗೆಯಲ್ಲಿ ಯಂತ್ರ ನಿಲ್ಲಿಸಿ, 1793-94ರ ಚಳಿಗಾಲದಲ್ಲಿ ಅವೇ ನಕ್ಷತ್ರಗಳನ್ನು ಪುನಃ ನೋಡಿದನು. ಛತ್ರದಿಂದ ಕೋಟೆಗೆ ಎಷ್ಟು ದೂರವೆಂಬುದನ್ನು ತ್ರಿಕೋನದಿಂದ ಅಳೆದನು. ಹಿಂದಿನದಕ್ಕೊಂದು ಸಾಕ್ಷಿಯಾದೀತೆಂಬುದಷ್ಟೇ ಆತನ ಉದ್ದೇಶ. ಸಾಕ್ಷಿ ತಿರುಗಿಬಿದ್ದಿತು. ಛತ್ರದ ಅಳತೆಯಿಂದ ಲೆಕ್ಕ ಹಾಕಿದ ಕೋಟೆಯ ಅಕ್ಷಾಂಶಕ್ಕೂ ಕೋಟೆಯಲ್ಲಿಯೇ ಅಳೆದ ಅಕ್ಷಾಂಶಕ್ಕೂ ಮೂರು ವಿಕಲೆಗಿಂತ ತುಸು ಹೆಚ್ಚಿನ ವ್ಯತ್ಯಾಸ ಬಂದಿತು. ನೆಲದ ಮೇಲೆ ಅದು ಸುಮಾರು 100 ಮೀಟರು. ಕೋಟೆಯೇನೂ ಅಷ್ಟು ದೂರ ಸರಿದಿರಲಿಲ್ಲ!

ಎರಡರಲ್ಲಿ ಯಾವುದು ತಪ್ಪು? ಒಂದೊಂದು ಸರಣಿಯೂ ತನ್ನೊಳಗೆ ನಿಷ್ಕಳಂಕವಾಗಿತ್ತು. ಲೆಕ್ಕಗಳನ್ನು ತಿರುತಿರುಗಿ ನೋಡಿದನು, ತಪ್ಪು ಸಿಗಲಿಲ್ಲ. ಕೋಟೆಗೆ ಹೋಗಿ ಮತ್ತೆ ಅಳೆಯುವಂತಿಲ್ಲ. ಫಲಿತಾಂಶ ಆಗಲೇ ಪ್ಯಾರಿಸು ಸೇರಿದೆ. ಆತನು ಯಾರಿಗೂ ಹೇಳಲಿಲ್ಲ.

1794ರಲ್ಲಿ ಸ್ಪೇನನ್ನು ಬಿಟ್ಟವನು ನೇರವಾಗಿ ಮನೆಗೆ ಬರದೆ ಇಟಲಿಯಲ್ಲಿ ಉಳಿದನು. ಫ್ರಾನ್ಸಿಗೆ ಮರಳಿದ ಮೇಲೂ ಕೆಲಸ ಕುಂಟುತ್ತ ಸಾಗಿತು. ಬಾರ್ಸಿಲೋನಕ್ಕೆ ಮತ್ತೆ ಹೋಗಬೇಕೆಂದು ಕೇಳಿದನು; ಕಾರಣ ಹೇಳಲಿಲ್ಲ, ಅಪ್ಪಣೆ ದೊರೆಯಲಿಲ್ಲ. 1798ರಲ್ಲಿ ಆತನ ಹೆಂಡತಿಯೇ ಪ್ಯಾರಿಸಿನಿಂದ ದಕ್ಷಿಣಕ್ಕೆ ಪ್ರಯಾಣ ಮಾಡಿ ಗಂಡನಿಗೆ ಧೈರ್ಯ ಹೇಳಬೇಕಾಯಿತು. ಡೆಲಾಂಬ್ರನು ಅಷ್ಟರಲ್ಲಿ ತನ್ನ ಪಾಲನ್ನು ಮುಗಿಸಿ, ಮೆಲನ್ ಮತ್ತು ಪೆರ್ಪಿನ್ಯಾನ್ ಎಂಬಲ್ಲಿ ಎರಡು ತಳರೇಖೆಗಳನ್ನೂ ಪ್ಲಾಟಿನಮ್ ಸರಳುಗಳಿಂದ ಅಳೆದಿದ್ದನು. ಒಂದೊಂದೂ ಸುಮಾರು 12 ಕಿಲೋಮೀಟರು. ಇವೆರಡರ ನಡುವೆ ಆರುನೂರಕ್ಕೂ ಹೆಚ್ಚು ಕಿಲೋಮೀಟರುಗಳ ತ್ರಿಕೋನ ಸರಪಳಿ. ಒಂದರಿಂದ ಆರಂಭಿಸಿ ಇನ್ನೊಂದನ್ನು ಲೆಕ್ಕ ಹಾಕಿದರೆ, ಕೋಲಿನಿಂದ ಅಳೆದದ್ದಕ್ಕೂ ಅದಕ್ಕೂ ಒಂದು ಅಡಿಯಷ್ಟೂ ವ್ಯತ್ಯಾಸ ಬರಲಿಲ್ಲ. ಡೆಲಾಂಬ್ರನು ಆ ವ್ಯತ್ಯಾಸವನ್ನು ಮುಚ್ಚಿಡಲಿಲ್ಲ, ಅದಕ್ಕಾಗಿ ಕೊರಗಲೂ ಇಲ್ಲ. ತನ್ನ ಕೆಲಸ ಎಷ್ಟು ಗಟ್ಟಿ ಎಂಬುದಕ್ಕೆ ಅದನ್ನೇ ಆಧಾರವಾಗಿ ತೋರಿಸಿದನು. ಇಬ್ಬರ ಸ್ವಭಾವದ ಅಂತರ ಇಲ್ಲಿ ಕಾಣುತ್ತದೆ.

ಪ್ಯಾರಿಸಿನಲ್ಲಿ ಅನೇಕ ದೇಶಗಳ ವಿದ್ವಾಂಸರು ಕಾದು ಕುಳಿತಿದ್ದರು. ಮೆಶೇನನು ಮೂಲ ಪುಸ್ತಕಗಳನ್ನು ಕೊಡದೆ, ಬೇಕಾದಂತೆ ಒಪ್ಪಗೊಳಿಸಿದ ಸಾರಾಂಶವನ್ನು ಮಾತ್ರ ಒಪ್ಪಿಸಿದನು. ಛತ್ರದ ಅಳತೆಗಳು ಅದರಲ್ಲಿರಲಿಲ್ಲ. ವಿದ್ವಾಂಸರು ಆ ಅಂಕಿಗಳ ಸೊಬಗನ್ನು ಕಂಡು ತಲೆದೂಗಿದರು. 1799ರ ಜೂನ್ 22ರಂದು ಪ್ಲಾಟಿನಮ್ಮಿನ ಮೀಟರು ಸರಳು ರಾಷ್ಟ್ರದ ದಫ್ತರಖಾನೆಗೆ ಸೇರಿತು. ಮೆಶೇನನಿಗೆ ಪ್ಯಾರಿಸ್ ವೀಕ್ಷಣಾಲಯದ ಅಧಿಕಾರ ಬಂದಿತು. ಸನ್ಮಾನ ಹೆಚ್ಚಿದಂತೆಲ್ಲ ಸಂಕಟವೂ ಹೆಚ್ಚಿತು. ರೇಖೆಯನ್ನು ಬಾರ್ಸಿಲೋನದಿಂದಾಚೆಗೆ, ಸಮುದ್ರದ ನಡುವಣ ದ್ವೀಪಗಳವರೆಗೆ ಬೆಳೆಸಿದರೆ ಬಾರ್ಸಿಲೋನದ ಅಕ್ಷಾಂಶವೇ ಬೇಡವಾಗುತ್ತದೆ. ಹಾಗೆಂದು 1803ರಲ್ಲಿ ಮತ್ತೆ ಸ್ಪೇನಿಗೆ ಹೊರಟನು. 1804ರ ಸೆಪ್ಟೆಂಬರ್ 20ರಂದು ಕಸ್ತೆಯೋನ್ ಎಂಬ ಊರಿನಲ್ಲಿ ಜ್ವರದಿಂದ ತೀರಿಕೊಂಡನು.

ಆತನ ಕಾಗದಗಳು ಡೆಲಾಂಬ್ರನ ಕೈಗೆ ಬಂದವು. ಹೊಲಿದ ಪುಸ್ತಕಗಳಲ್ಲ, ಬಿಡಿ ಹಾಳೆಗಳು. ಸೀಸದ ಕಡ್ಡಿಯಲ್ಲಿ ಬರೆದದ್ದು, ಅಳಿಸಿ ತಿದ್ದಿದ್ದು. ಅಂಕಿಗಳು ಒಂದಕ್ಕೊಂದು ಇನ್ನೂ ಚೆನ್ನಾಗಿ ಹೊಂದುವಂತೆ ಅಲ್ಲಲ್ಲಿ ಮಾರ್ಪಟ್ಟಿದ್ದವು. ಡೆಲಾಂಬ್ರನು ಕೆಲಸದ ವರದಿಯನ್ನು 1806ರಿಂದ 1810ರವರೆಗೆ ಮೂರು ಸಂಪುಟಗಳಲ್ಲಿ ಅಚ್ಚು ಹಾಕಿಸಿದನು. ಛತ್ರದ ಅಳತೆಯನ್ನೂ ಮೂರು ವಿಕಲೆಯ ವ್ಯತ್ಯಾಸವನ್ನೂ ಅದರಲ್ಲಿ ಕೊಟ್ಟನು. ಅಂಕಿಗಳನ್ನು ತಿದ್ದಿದ ವಿಷಯವನ್ನು ಪೂರ್ತಿಯಾಗಿ ಹೇಳಲಿಲ್ಲ. ಅದನ್ನು ಹಾಳೆಗಳ ಅಂಚಿನಲ್ಲಿ ಟಿಪ್ಪಣಿ ಮಾಡಿ ವೀಕ್ಷಣಾಲಯದಲ್ಲಿ ಇಟ್ಟನು. ಆ ಹಾಳೆಗಳ ಕಥೆ ಸಾಮಾನ್ಯ ಓದುಗರಿಗೆ ತಲಪಿದ್ದು ಕೆನ್ ಆಲ್ಡರ್ ಎಂಬ ಇತಿಹಾಸಕಾರನು 2002ರಲ್ಲಿ ಬರೆದ ಪುಸ್ತಕದಿಂದ.

ಮೆಶೇನನನ್ನು ವಂಚಕನೆನ್ನಲು ನನಗೆ ಮನಸ್ಸು ಬಾರದು. ಆದರೂ ಮುಚ್ಚಿಟ್ಟದ್ದು ಮುಚ್ಚಿಟ್ಟದ್ದೇ. ಆತನಿಗೆ ಇಲ್ಲದೇ ಹೋದದ್ದು ಪ್ರಾಮಾಣಿಕತೆಗಿಂತಲೂ ಹೆಚ್ಚಾಗಿ ಒಂದು ಭಾಷೆ. ಅಳತೆಯಲ್ಲಿ ಉಳಿಯುವ ಅನಿಶ್ಚಯವನ್ನು ನಾಚಿಕೆಯಿಲ್ಲದೆ ಹೇಳುವ ಭಾಷೆ ಆಗಿನ್ನೂ ಹುಟ್ಟಿರಲಿಲ್ಲ. ವ್ಯತ್ಯಾಸ ಬಂದರೆ ಅದು ಅಳೆದವನ ಅಪರಾಧ.

ಇದನ್ನು ನಿಮ್ಮ ಮನೆಯಲ್ಲಿಯೇ ಪರೀಕ್ಷಿಸಬಹುದು. ಪಡಸಾಲೆಯ ಉದ್ದವನ್ನು ಟೇಪಿನಿಂದ ಐದು ಸಲ ಅಳೆಯಿರಿ. 512.3 ಸೆಂಟಿಮೀಟರು ಬಂದೀತು, ಮುಂದೆ 512.6, 512.4, 512.2, 512.5. ಗೋಡೆ ಅಲುಗಿಲ್ಲ, ನಿಮ್ಮ ಕೈ, ಕಣ್ಣು, ಟೇಪಿನ ಬಿಗಿ ಪ್ರತಿ ಸಲವೂ ಕೂದಲೆಳೆಯಷ್ಟು ಬೇರೆ. ಸರಾಸರಿ 512.4. ಇದಕ್ಕೆ 'ಸುಮಾರು 0.1 ಆಚೀಚೆ' ಎಂದು ಸೇರಿಸಿದರೆ ನಿಮ್ಮ ಅಳತೆ ಪೂರ್ಣವಾಯಿತು. ಹೆಚ್ಚು ಸಲ ಅಳೆದಷ್ಟೂ ಈ ಆಚೀಚೆ ಕಿರಿದಾಗುತ್ತದೆ. ಆದರೆ ಟೇಪಿನ ತುದಿ ಅರ್ಧ ಸೆಂಟಿಮೀಟರು ತುಂಡಾಗಿದೆಯೆನ್ನಿ. ಆಗ ಐದಲ್ಲ, ಐನೂರು ಸಲ ಅಳೆದರೂ ಪ್ರತಿಯೊಂದರಲ್ಲಿಯೂ ಆ ಅರ್ಧ ಸೆಂಟಿಮೀಟರು ಹೆಚ್ಚಾಗಿಯೇ ಇರುತ್ತದೆ. ಅಳತೆಗಳು ಒಂದಕ್ಕೊಂದು ಸೊಗಸಾಗಿ ಹೊಂದುತ್ತವೆ, ಎಲ್ಲವೂ ಕೂಡಿ ತಪ್ಪಿರುತ್ತವೆ. ಮೊದಲನೆಯದು ಚದುರುವ ದೋಷ. ಎರಡನೆಯದು ಒಂದೇ ಕಡೆಗೆ ಎಳೆಯುವ ದೋಷ. ಆವರ್ತನ ಚಕ್ರ ಮೊದಲನೆಯದನ್ನು ಕೊಂದಿತು, ಎರಡನೆಯದನ್ನು ಮುಟ್ಟಲಿಲ್ಲ.

ಚದುರುವ ದೋಷಕ್ಕೆ ಗಣಿತ ಸಿಕ್ಕಿದ್ದು ಈ ಸಂದರ್ಭದಲ್ಲಿಯೇ ಎಂಬುದು ಗಮನಾರ್ಹ. 1805ರಲ್ಲಿ ಲೆಜಾಂಡ್ರ್ ಎಂಬ ಗಣಿತಜ್ಞನು ಧೂಮಕೇತುಗಳ ಮೇಲಿನ ತನ್ನ ಗ್ರಂಥದ ಅನುಬಂಧದಲ್ಲಿ 'ಕನಿಷ್ಠ ವರ್ಗ'ಗಳ ವಿಧಾನವನ್ನು ಪ್ರಕಟಿಸಿದನು. ಒಂದಕ್ಕೊಂದು ಹೊಂದದ ಅಳತೆಗಳಿದ್ದಾಗ, ಪ್ರತಿಯೊಂದರ ವ್ಯತ್ಯಾಸವನ್ನು ವರ್ಗ ಮಾಡಿ ಕೂಡಿಸಿ, ಆ ಮೊತ್ತ ಅತಿ ಕಡಿಮೆಯಾಗುವ ಉತ್ತರವನ್ನು ಆರಿಸಿಕೊಳ್ಳುವುದು. ಉದಾಹರಣೆಗೆ ಆತನು ತೆಗೆದುಕೊಂಡದ್ದು ಡೆಲಾಂಬ್ರ ಮೆಶೇನರ ಅಂಕಿಗಳನ್ನೇ. ಈ ವಿಧಾನ ತನಗೆ 1795ರಿಂದಲೇ ಗೊತ್ತಿತ್ತೆಂದು ಜರ್ಮನಿಯ ಗೌಸನು 1809ರಲ್ಲಿ ಹೇಳಿದ್ದರಿಂದ ಇಬ್ಬರಿಗೂ ಮನಸ್ತಾಪ ಬಂದದ್ದು ಬೇರೆ ಕಥೆ.

ಎರಡನೆಯ ಬಗೆಯ ದೋಷವನ್ನು ಮೆಶೇನನ ಅಂಕಿಗಳಲ್ಲಿ ಹುಡುಕಿ ತೆಗೆದವನು ನಿಕೊಲೆ ಎಂಬ ಖಗೋಳಜ್ಞ, 1828ರಲ್ಲಿ. ಆತನ ಉಪಾಯ ಸರಳ. ಯಂತ್ರ ಸವೆದು ತುಸು ವಾಲಿದ್ದರೆ, ನೆತ್ತಿಯ ಉತ್ತರಕ್ಕಿರುವ ನಕ್ಷತ್ರಗಳಿಂದ ಬರುವ ಅಕ್ಷಾಂಶ ಒಂದು ಕಡೆಗೆ ತಪ್ಪುತ್ತದೆ. ದಕ್ಷಿಣಕ್ಕಿರುವವುಗಳಿಂದ ಬರುವುದು ಅಷ್ಟೇ ಇನ್ನೊಂದು ಕಡೆಗೆ. ಎರಡು ಗುಂಪುಗಳನ್ನು ಬೇರೆ ಬೇರೆ ಲೆಕ್ಕ ಹಾಕಿ ನಡುವಣ ಬೆಲೆ ಹಿಡಿದರೆ ದೋಷ ಪರಸ್ಪರ ಕಳೆದುಹೋಗುತ್ತದೆ. ನಿಕೊಲೆ ಹಾಗೆ ಮಾಡಿದಾಗ ಕೋಟೆಗೂ ಛತ್ರಕ್ಕೂ ಇದ್ದ ವ್ಯತ್ಯಾಸ ಒಂದು ವಿಕಲೆಯ ಅಲ್ಪ ಭಾಗಕ್ಕೆ ಇಳಿಯಿತು. ಪರಿಹಾರ ಮೆಶೇನನ ಸ್ವಂತ ಹಾಳೆಗಳಲ್ಲಿಯೇ ಇತ್ತು. ಆತನು ಸತ್ತು ಆಗ ಇಪ್ಪತ್ತನಾಲ್ಕು ವರ್ಷ.

ಹಾಗಾದರೆ ಮೀಟರಿನಲ್ಲಿ ತಪ್ಪೇ ಇಲ್ಲವೆ? ಉಂಟು, ಅದು ಬೇರೆ ಕಡೆಯಿಂದ ಬಂದದ್ದು. ಭೂಮಿ ಧ್ರುವಗಳಲ್ಲಿ ಚಪ್ಪಟೆ. ಎಷ್ಟು ಚಪ್ಪಟೆ ಎಂಬುದು ತಿಳಿಯದೆ ಧ್ರುವದವರೆಗಿನ ಲೆಕ್ಕ ಕೂಡದು. ಮಂಡಲಿಯವರು 334ರಲ್ಲಿ ಒಂದು ಪಾಲು ಎಂದು ಹಿಡಿದರು. ನಿಜವಾದದ್ದು 298ರಲ್ಲಿ ಒಂದರಷ್ಟು. ಹೀಗಾಗಿ ಮೀಟರು ಒಂದು ಮಿಲಿಮೀಟರಿನ ಐದರಲ್ಲೊಂದು ಪಾಲು ಗಿಡ್ಡವಾಯಿತು. ಮೆಶೇನನ ಜೀವ ಹಿಂಡಿದ ಮೂರು ವಿಕಲೆಗಳ ಪಾತ್ರ ಅದರಲ್ಲಿ ಗಣನೆಗೆ ಬಾರದಷ್ಟು ಅಲ್ಪ.

ಈ ತ್ರಿಕೋನ ವಿದ್ಯೆ ಆಗಲೇ ನಮ್ಮ ನೆಲಕ್ಕೂ ಬಂದಿತ್ತು. ಶ್ರೀರಂಗಪಟ್ಟಣ 1799ರಲ್ಲಿ ಬಿದ್ದ ಮೇಲೆ ಕಂಪನಿಯ ಸೇನೆಯ ಅಧಿಕಾರಿ ವಿಲಿಯಂ ಲ್ಯಾಂಬ್ಟನ್ 1800ರಲ್ಲಿ ಬೆಂಗಳೂರಿನ ಬಳಿ ಏಳು ಮೈಲಿಗೂ ಉದ್ದದ ತಳರೇಖೆಯನ್ನು 100 ಅಡಿಯ ಉಕ್ಕಿನ ಸರಪಳಿಯಿಂದ ಅಳೆದನು. ಚೀನದ ಚಕ್ರವರ್ತಿಗೆಂದು ಒಯ್ದಿದ್ದ ಸಾಮಾನುಗಳ ಪೈಕಿ ಉಳಿದ ಸರಪಳಿ ಅದು. ಬಿಸಿಲಿಗೆ ಉಕ್ಕು ಹಿಗ್ಗುವುದೆಂದು ಸರಪಳಿಗೆ ನೆರಳು ಮಾಡಿ ಉಷ್ಣಮಾಪಕಗಳನ್ನು ಇಡಿಸಿದನು. 1802ರಲ್ಲಿ ಮದರಾಸಿನಲ್ಲಿ ಹೊಸದಾಗಿ ಆರಂಭಿಸಿ, 1804ರಲ್ಲಿ ಬೆಂಗಳೂರಿನಲ್ಲಿ ತಾಳೆ ನೋಡಲೆಂದು ಇನ್ನೊಂದು ತಳರೇಖೆ ಅಳೆಸಿದನು. ಲೆಕ್ಕಕ್ಕೂ ಅಳತೆಗೂ ಬಂದ ವ್ಯತ್ಯಾಸ ಕೆಲವೇ ಅಂಗುಲ.

ಭಾರತಕ್ಕೆ ಮೀಟರು ಕಾಯಿದೆಯಾಗಿ ಬಂದದ್ದು 1956ರಲ್ಲಿ. ಹೊಸ ತೂಕಗಳು 1958ರ ಅಕ್ಟೋಬರಿನಿಂದ ಕೆಲವೆಡೆ ಬಳಕೆಗೆ ಬಂದವು. ಅಷ್ಟರಲ್ಲಿ ಮೀಟರು ಭೂಮಿಯ ಸಂಬಂಧವನ್ನೇ ಕಡಿದುಕೊಂಡಿತ್ತು. 1889ರಿಂದ ಅದು ಪ್ಯಾರಿಸಿನ ಬಳಿಯಿಟ್ಟ ಪ್ಲಾಟಿನಮ್ ಇರಿಡಿಯಮ್ ಸರಳಿನ ಎರಡು ಗೆರೆಗಳ ಅಂತರ. 1960ರಿಂದ ಕ್ರಿಪ್ಟಾನ್ ಅನಿಲದ ಕಿತ್ತಳೆ ಬೆಳಕಿನ 16,50,763.73 ಅಲೆಯುದ್ದ, 1983ರಿಂದ ಬೆಳಕು ಶೂನ್ಯದಲ್ಲಿ ಒಂದು ಸೆಕೆಂಡಿನ 29,97,92,458ರಲ್ಲೊಂದು ಪಾಲು ಹೊತ್ತಿನಲ್ಲಿ ಹೋಗುವ ದೂರ. ಬೆಳಕಿನ ವೇಗಕ್ಕೆ ಈಗ ಅನಿಶ್ಚಯವಿಲ್ಲ, ಏಕೆಂದರೆ ಅದನ್ನು ನಾವೇ ನಿಗದಿ ಮಾಡಿದ್ದೇವೆ. ಅನಿಶ್ಚಯವೆಲ್ಲ ಈಗ ಆ ದೂರವನ್ನು ಸರಳಿನ ಮೇಲೆ ಗುರುತಿಸುವ ಕೈಕೆಲಸಕ್ಕೆ ಸರಿದಿದೆ. ಮುದ್ರೆ ಒತ್ತುವ ಮುನ್ನ ಅಂಗಡಿಯ ಕೋಲು ಎಷ್ಟು ಹೆಚ್ಚುಕಡಿಮೆ ಇದ್ದರೆ ಸರಿ ಎಂಬುದನ್ನೂ ನಿಯಮಗಳು ಹೇಳುತ್ತವೆ. ಧ್ರುವದಿಂದ ಭೂಮಧ್ಯರೇಖೆಗೆ ಇಂದಿನ ಅಳತೆಯಂತೆ ಸುಮಾರು 1,00,02,000 ಮೀಟರು.